ಅಮ್ಮನ ಸೌಂಡ್

ಕ್ಲಾಸ್ ಗ್ರೂಪಿನಲ್ಲಿ ಮೆಸೇಜ್ ಬಂತು... "ಶನಿವಾರ ಟ್ಯಾಲೆಂಟ್ ಶೋ. ಪ್ರತಿ ಮಗುವಿಗೂ ಮೂರು ನಿಮಿಷ."

ಅಷ್ಟೇ ಸಾಕಾಯಿತು. ಒಬ್ಬ ತಾಯಿ ಹೂಲಾ ಹೂಪ್ ಅಂದರು, ಇನ್ನೊಬ್ಬರು ಮ್ಯಾಜಿಕ್. ಮಾತಾಡುವ ಗೊಂಬೆ, ಯೋಗಾಸನ, ಕಣ್ಣು ಕಟ್ಟಿಕೊಂಡು ಚಿತ್ರ ಬರೆಯುವುದು...

ತಿಪಟೂರಿನ ಆ ಶಾಲೆಯಲ್ಲಿ ಮೂರನೇ ಕ್ಲಾಸು ಓದುವ ಇಂಚರ ಮುಖ ಸಣ್ಣ ಮಾಡಿಕೊಂಡು ಕೂತಳು. "ನಂಗೇನೂ ಬರಲ್ವಲ್ಲಮ್ಮಾ..."

"ದಿನವೆಲ್ಲ ಸೌಂಡ್ ಮಾಡ್ತಿರ್ತೀಯಲ್ಲೇ, ಅದನ್ನೇ ಮಾಡು," ಅಂದಳು ಅವಳ ಅಮ್ಮ ಶಶಿಕಲಾ.

ನಿಜ... ಕುಕ್ಕರ್ ವಿಷಲ್, ಮಿಕ್ಸಿ, ಒಗ್ಗರಣೆಯಲ್ಲಿ ಸಿಡಿಯುವ ಸಾಸಿವೆ... ಹುಡುಗಿ ಬಾಯಲ್ಲೇ ಇಡೀ ಅಡುಗೆಮನೆ ಇಟ್ಟುಕೊಂಡಿದ್ದಳು.

ಊಟಕ್ಕೆ ಕೂತಿದ್ದ ಅಪ್ಪ ಲೋಕೇಶಪ್ಪ ನಕ್ಕ. ಕೊಬ್ಬರಿ ಮಂಡಿಯ ಯಜಮಾನ. ಶಾಲೆಯ ಶಾಮಿಯಾನ, ಮೈಕು ಎಲ್ಲ ಅವನದೇ ಖರ್ಚು.

"ಕುಕ್ಕರ್ ಕೂಗೋದೂ ಒಂದ್ ಟ್ಯಾಲೆಂಟಾ? ನಾನ್ ಮುಂದಿನ ಸಾಲಲ್ಲಿ ಕೂತಿರ್ತೀನಿ ಕಣೇ, ಮಾನ ಕಳೀಬೇಡ."

ಹಾಗಂದವನೇ ಲೋಟದ ನೀರು ಸುರಿದುಕೊಂಡು ತಟ್ಟೆಯಲ್ಲೇ ಕೈ ತೊಳೆದ. ಇನ್ನೊಂದು ಗುಟುಕು ಬಾಯಿಗೆ ಹಾಕಿ ಗಳಗಳ ಮುಕ್ಕಳಿಸಿ... ಅದೇ ತಟ್ಟೆಗೆ ಉಗಿದ. ತಟ್ಟೆಯನ್ನು ಮುಂದಕ್ಕೆ ತಳ್ಳಿ ಎದ್ದುಹೋದ.

ಕೈ ತೊಳೆಯುವ ಬೇಸಿನ್ ಅದೇ ಕೋಣೆಯ ಮೂಲೆಯಲ್ಲಿತ್ತು.

ಅಗಿದು ಬಿಟ್ಟ ನುಗ್ಗೆಕಾಯಿ ನಾರು, ಕರಿಬೇವು, ಮೇಲೆ ಬಿಳಿ ನೊರೆ... ಶಶಿಕಲಾ ತಟ್ಟೆ ಎತ್ತಿದಳು. ನೀರು ತುಳುಕಿ ಹೆಬ್ಬೆರಳಿಗೆ ತಾಗಿತು. ಇನ್ನೂ ಬೆಚ್ಚಗಿತ್ತು.

ಮದುವೆಯಾದ ಹೊಸತರಲ್ಲಿ ಒಮ್ಮೆ ಹೇಳಿ ನೋಡಿದ್ದಳು. ಆಗ ಅತ್ತೆ ಇದ್ದರು. "ಗಂಡನ ಎಂಜಲಿಗೇ ಹೇಸಿಗೆ ಪಟ್ಕೊಂಡ್ರೆ ಸಂಸಾರ ಹೆಂಗಮ್ಮ ಮಾಡ್ತೀಯ?" ಅಂದಿದ್ದರು. ಗಂಡ ನಕ್ಕಿದ್ದ.

ಆಮೇಲೆ ಅವಳು ಹೇಳಲಿಲ್ಲ... ಆದರೆ ಹೇಸಿಗೆ ಹೋಗಲಿಲ್ಲ. ದಿನಾ ಎರಡು ಹೊತ್ತೂ ಗಂಟಲವರೆಗೆ ಬಂದು ನಿಲ್ಲುತ್ತಿತ್ತು. ಯಾರಿಗೂ ಕಾಣುವುದಿಲ್ಲ ಅಂದುಕೊಂಡಿದ್ದಳು.

ಶನಿವಾರ ಬಂತು. ಲೋಕೇಶಪ್ಪ ಮುಂದಿನ ಸೋಫಾದಲ್ಲಿ, ಶಾಲು ಹೊದ್ದು. ಶಶಿಕಲಾ ಹಿಂದೆ, ಹೆಂಗಸರ ಸಾಲಿನಲ್ಲಿ.

ಇಂಚರ ಮೈಕಿನ ಮುಂದೆ ಕುಕ್ಕರ್ ಕೂಗಿಸಿದಳು... ಚಪ್ಪಾಳೆ. ಮಿಕ್ಸಿ ತಿರುಗಿಸಿದಳು... ಇನ್ನೂ ಜೋರು ಚಪ್ಪಾಳೆ.

ಅಷ್ಟಕ್ಕೇ ನಿಲ್ಲಬೇಕಿತ್ತು. ಮನೆಯಲ್ಲಿ ಪ್ರಾಕ್ಟೀಸ್ ಮಾಡಿದ್ದು ಅಷ್ಟೇ. ಅವಳು ನಿಲ್ಲಲಿಲ್ಲ.

"ಈಗ ನಮ್ಮಪ್ಪನ ಊಟ."

ಸೊರ್ರ್ ಎಂದು ಸಾರು ಕುಡಿದಳು. ತೇಗಿದಳು. ನೀರು ಸುರಿದುಕೊಂಡು ಕೈ ತೊಳೆದಳು. ಗಳಗಳ ಮುಕ್ಕಳಿಸಿ... ಥೂ ಎಂದು ಉಗಿದಳು.

ಇಡೀ ಶಾಮಿಯಾನ ಬಿದ್ದು ಬಿದ್ದು ನಕ್ಕಿತು. "ಥೇಟ್ ನಮ್ಮನೆಯವರೇ ಕಣ್ರೀ," ಅಂದರು ಹಿಂದಿನ ಸಾಲಿನ ಒಬ್ಬರು. ಲೋಕೇಶಪ್ಪನೂ ಪಕ್ಕದವರ ತೊಡೆ ತಟ್ಟಿ ನಗುತ್ತಿದ್ದ. "ನನ್ ಮಗಳು ಸಾರ್, ನನ್ ಮಗಳು."

"ಈಗ ನಮ್ಮಮ್ಮ," ಅಂದಳು ಇಂಚರ.

ಇಲ್ಲದ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿದಳು. ಮುಖ ಒಂದು ಪಕ್ಕಕ್ಕೆ ತಿರುಗಿಸಿದಳು. ತುಟಿ ಬಿಗಿದು, ಉಸಿರು ಹಿಡಿದು ವೇದಿಕೆಯ ಆ ತುದಿಗೆ ನಡೆದಳು...

ಒಂದು ಸದ್ದೂ ಇಲ್ಲ.

ಮೊದಲು ಹೆಂಗಸರ ಸಾಲಿನಲ್ಲಿ ನಗು ನಿಂತಿತು.

ಮಿಸ್ ಮೈಕು ಹಿಡಿದು ಹತ್ತಿರ ಬಂದರು. "ಅಮ್ಮನ ಸೌಂಡ್ ಎಲ್ಲಿ ಪುಟ್ಟಾ?"

"ಅಮ್ಮಂಗೆ ಸೌಂಡ್ ಇಲ್ಲ ಮಿಸ್. ಉಸಿರು ಹಿಡ್ಕೊಂಡಿರ್ತಾಳೆ. ಒಂದಿನ ನಾನೂ ಆ ತಟ್ಟೆ ಎತ್ತಿದ್ದೆ, ವಾಂತಿ ಬಂದ್ಬಿಡ್ತು. ಈಗ ಅಮ್ಮನ ಥರ ಪ್ರಾಕ್ಟೀಸ್ ಮಾಡ್ತಿದೀನಿ... ದೊಡ್ಡೋಳಾದ್ಮೇಲೆ ನಂಗೂ ಬೇಕಲ್ವಾ."

ಶಶಿಕಲಾಗೆ ಮೈಯೆಲ್ಲ ಹೇಸಿಗೆಯಾಯಿತು. ಇಷ್ಟು ವರ್ಷ ಆ ತಟ್ಟೆಯ ಮೇಲೆ, ಗಂಡನ ಮೇಲೆ ಇದ್ದ ಹೇಸಿಗೆ ಈಗ ತನ್ನ ಬಾಯಿಬಿಡದ ತಾಳ್ಮೆಯ ಮೇಲೇ ತಿರುಗಿತ್ತು.

ಮನೆಗೆ ಬಂದ ಮೇಲೆ ಊಟ. ಕೊನೆಗೆ ಲೋಕೇಶಪ್ಪ ಬೇಕೆಂದೇ ಲೋಟ ಬಗ್ಗಿಸಿ ತಟ್ಟೆಯಲ್ಲಿ ಕೈ ತೊಳೆದ. ಬೇಕೆಂದೇ ಉಗಿದ.

"ಎತ್ತು."

"ಎತ್ತಲ್ಲ," ಅಂದಳು ಶಶಿಕಲಾ.

"ಊರ ಮುಂದೆ ಮಾನ ಕಳೆದಿದ್ದು ಸಾಲ್ದಾ ನಿಂಗೆ?"

"ಮಗು ಉಸಿರು ಹಿಡಿಯೋದು ಕಲ್ತಿದೆ ರೀ... ನನ್ನ ನೋಡಿ. ಇನ್ನ್ಮೇಲೆ ನಾನು ಅದನ್ನ ಕಲಿಸಲ್ಲ."

ಅವನು ಬಾಗಿಲು ದಬ್ಬಿಕೊಂಡು ಮಂಡಿಗೆ ಹೋದ. ತಟ್ಟೆ ಅಲ್ಲೇ ಇತ್ತು. ಸಂಜೆಗೆ ನೊಣ ಮುತ್ತಿದವು. ಭಾನುವಾರ ಬೆಳಿಗ್ಗೆ ಮೇಲೆ ಕೆನೆಯಂಥದ್ದು ಕಟ್ಟಿ, ವಾಸನೆ ಹಜಾರದವರೆಗೂ ಬಂದಿತ್ತು. ಅವಳು ಅದರ ಪಕ್ಕದಲ್ಲೇ ಓಡಾಡಿದಳು. ಕೈ ನಾಲ್ಕಾರು ಸಲ ತಾನಾಗಿಯೇ ಮುಂದೆ ಹೋಯಿತು... ಹಿಂದಕ್ಕೆ ಎಳೆದುಕೊಂಡಳು.

ಕೊನೆಗೆ ಅವನೇ ಎತ್ತಿದ.

ಮುಖ ಒಂದು ಪಕ್ಕಕ್ಕೆ ತಿರುಗಿಸಿದ. ತುಟಿ ಬಿಗಿದ. ಸಿಂಕಿನ ಹತ್ತಿರ ಹೋಗುವಷ್ಟರಲ್ಲಿ ತುಳುಕಿ ಕೈಗೆ ತಾಗಿತು... ಹೊಟ್ಟೆಯ ಆಳದಿಂದ ಒಂದು ಓಕರಿಕೆ ಬಂತು.

ಬಾಗಿಲಲ್ಲಿ ನಿಂತಿದ್ದ ಇಂಚರ ಕಣ್ಣರಳಿಸಿದಳು. "ಅಪ್ಪಾ... ಅಮ್ಮ ಒಳಗೇ ಇಟ್ಕೊಂಡಿದ್ಳಲ್ಲ, ಆ ಸೌಂಡ್ ಇದೇನಾ?"

ಅವನು ಸಿಂಕಿನ ಅಂಚು ಹಿಡಿದುಕೊಂಡ. ಹೆಂಡತಿಯನ್ನು ಮೆಲ್ಲಗೆ ಕೇಳಿದ.

"ದಿನಾ... ಹಿಂಗೇ ಆಗ್ತಿತ್ತಾ ನಿಂಗೆ?"

"ದಿನಾ," ಅಂದಳು ಶಶಿಕಲಾ. ಈ ಸಲ ದನಿ ಹೊರಗೆ ಬಂದಿತ್ತು.

ಅವನು ನಲ್ಲಿ ತಿರುಗಿಸಿ ತಟ್ಟೆ ತೊಳೆಯತೊಡಗಿದ.

ನಾವು ನುಂಗಿಕೊಂಡ ಹೇಸಿಗೆಯನ್ನೂ ನಮ್ಮ ಮಕ್ಕಳು ನಮ್ಮಿಂದಲೇ ಕಲಿಯುತ್ತಾರೆ.

ಇವತ್ತು ಊಟವಾದ ಮೇಲೆ ಒಂದು ಕ್ಷಣ ನೋಡಿ... ನಿಮ್ಮ ತಟ್ಟೆ ಎತ್ತುವವರು ಉಸಿರಾಡುತ್ತಿದ್ದಾರಾ?