ಹಳೆಯ ಲೂಪರ್

ತೀರಿಕೊಂಡ ಮಗಳ ಹನ್ನೊಂದನೆಯ ದಿನದ ಕಾರ್ಯ ಮುಗಿದ ಮರುದಿನವೇ ಅವನು, ತಿಂಗಳ ಹಿಂದೆ ಆಸೆಪಟ್ಟು ಕೊಂಡಿದ್ದ ಆಂಪ್ಲಿಫೈಯರ್ ಹೊತ್ತುಕೊಂಡು ಗಿಟಾರ್ ಅಂಗಡಿಗೆ ಓಡಿದ.

“ಇದನ್ನ ವಾಪಸ್ ಇಟ್ಕೊಳ್ಳಿ. ಎಕ್ಸ್‌ಚೇಂಜಿಗೆ ಕೊಟ್ಟಿದ್ನಲ್ಲ, ಆ ಲೂಪರ್ ಪೆಡಲ್ ಕೊಡಿ.”

“ಅದು ಓಬೀರಾಯನ ಕಾಲದ್ದು ಸಾರ್, ರೆಕಾರ್ಡ್ ಮಾಡ್ಕೊಂಡು ಮತ್ತೆ ಮತ್ತೆ ಕೇಳಿಸೋದು ಬರೀ ಐದು ನಿಮಿಷ. ಹೊಸದು ತಗೊಳ್ಳಿ, ಗಂಟೆಗಟ್ಟಲೆ ರೆಕಾರ್ಡ್ ಮಾಡುತ್ತೆ.”

“ಹೊಸದು ಬೇಡ. ಬೇಕಾದ್ರೆ ನನ್ನ ಗಿಟಾರನ್ನೂ ಇಟ್ಕೊಳ್ಳಿ. ನನಗೆ ಅದೇ ಬೇಕು. ಮಾರಿಬಿಟ್ರಾ?”

ಅಂಗಡಿಯವನು ಒಳಗೆ ಹೋಗಿ ಹುಡುಕಾಡಿ, ನಗುತ್ತಾ ಬಂದು ಪೆಡಲನ್ನು ಅವನ ಕೈಗಿಟ್ಟ.

“ನಿಮ್ಮ ಅದೃಷ್ಟ ಸಾರ್, ಇನ್ನೂ ಮಾರಿಲ್ಲ. ಶೋಕೇಸಿಗೆ ಇಡೋ ಮುಂಚೆ ಹಾಕಿ ನೋಡಿದೆ, ಯಾವುದೋ ಮಗು ‘ಅಪ್ಪಾ, ಈಗ ಹಾಡ್ಲಾ?’ ಅಂತಿತ್ತು. ಎಲ್ಲಾ ಅಳಿಸಿ, ಹೊಸದರ ಹಾಗೆ ಮಾಡಿಟ್ಟಿದ್ದೀನಿ.”