ಮುಷ್ಟಿ ಬಿಚ್ಚದ ತಾತಂದಿರು

"ಫೋಟೋ ಮುಟ್ಬೇಡ ಕಣವ್ವ! ಪಿತೃಪಕ್ಷದ ಎಡೆ ಇಡೋ ಹೊತ್ತು!" ಎಂದು ಬಿಳಿಕೆರೆಯ ಸುಂದ್ರಮ್ಮ ಕೂಗುವಷ್ಟರಲ್ಲಿ ಶಾಂಭವಿ ಸ್ಟೂಲು ಹತ್ತಿ ಚೌಕಟ್ಟನ್ನು ಮೊಳೆಯಿಂದ ಇಳಿಸಿಯಾಗಿತ್ತು. ಹಿಂದಿನ ರಟ್ಟು ಬಿಚ್ಚಿ ನೋಡಿದಳು. ಒಂದು ಸತ್ತ ಜಿರಳೆ. ಬೇರೇನೂ ಇಲ್ಲ.

ಅವಳು ಹುಡುಕುತ್ತಿದ್ದದ್ದು ತನ್ನ ಮುತ್ತಾತನ ಮುಖ. ಹುಣಸೂರು ಸೀಮೆಗೆ ಮೊದಲ ಕ್ಯಾಮೆರಾ ತಂದವರು ಕಂಠಪ್ಪ ಎಂದು ಮನೆಯವರೆಲ್ಲ ಕೊಚ್ಚಿಕೊಳ್ಳುತ್ತಿದ್ದರು. ಮಾಂಸದ ವಾಸನೆ ಬಂದರೆ ಸಾಕು, ಕ್ಯಾಮೆರಾ ಮಡಚಿಕೊಂಡು ಎದ್ದುಹೋಗುತ್ತಿದ್ದರಂತೆ ಎಂಬ ಕಥೆಯೂ ಇತ್ತು. ಇಲ್ಲದ್ದು ಫೋಟೋ ಮಾತ್ರ. ಊರಿನ ಫೋಟೋ ತೆಗೆದವರದ್ದೇ ಒಂದು ಫೋಟೋ ಇಲ್ಲ!

ನಾಳೆ ಛಾಯಾಗ್ರಾಹಕರ ಸಂಘದಲ್ಲಿ 'ಮೊದಲ ಛಾಯಾಗ್ರಾಹಕ'ರ ಭಾವಚಿತ್ರ ಅನಾವರಣ. ಇವತ್ತು ಸಂಜೆಯೊಳಗೆ ಮುಖ ಸಿಗದಿದ್ದರೆ ಆ ಗೌರವ ಕೆ.ಆರ್. ನಗರದ ಯಾರದೋ ತಾತನಿಗೆ ಎಂದು ಕಾರ್ಯದರ್ಶಿ ಶಿವಶಂಕರ್ ಖಡಾಖಂಡಿತವಾಗಿ ಹೇಳಿದ್ದ. ಕಂಠಪ್ಪನ ಹೆಸರಲ್ಲೇ ಸ್ಟುಡಿಯೋ ನಡೆಸುವ ಶಾಂಭವಿಗೆ ಅದಕ್ಕಿಂತ ಅವಮಾನ ಬೇರೆ ಇರಲಿಲ್ಲ. ಕಂಠಪ್ಪ ತೆಗೆದ ಫೋಟೋ ಇರುವ ಮನೆಗಳಿಗೆಲ್ಲ ನುಗ್ಗಿ, ಚೌಕಟ್ಟಿನ ಹಿಂದೆ ಇನ್ನೊಂದು ಅಡಗಿದೆಯೇ ಎಂದು ನೋಡುತ್ತಿದ್ದಳು.

"ನಮ್ ತಾತ ಕ್ಯಾಮೆರಾ ಕಂಡ್ರೆ ರಾಗಿ ಹೊಲಕ್ಕೆ ಓಡೋಗೋರು. ಫೋಟೋ ತೆಗುಸುದ್ರೆ ಆಯಸ್ಸು ಕಮ್ಮಿ ಆಯ್ತದೆ ಅಂತ ಎಲ್ರಿಗೂ ಭಯ ಆಗ" ಎಂದರು ಸುಂದ್ರಮ್ಮ. "ಅವ್ರು ತೀರೋದ್ಮೇಲೆ ಅಜ್ಜಿ ಎಡೆ ಇಡಕ್ಕೆ ಮುಖ ಇಲ್ವಲ್ಲ ಅಂತ ಒಂದೇ ಸಮ ಅಳ್ತಿದ್ರಂತೆ. ಕಂಠಪ್ಪೋರು ಅದೆಲ್ಲಿಂದ್ಲೋ ಫೋಟೋ ತಂದ್ಕೊಟ್ರು. ಪೇಟ ಅವ್ರದ್ದೇ ಅಂತ ಅಜ್ಜಿ ಕಣ್ಗೊತ್ಕೊಂಡ್ರಂತೆ. ಪುಣ್ಯಾತ್ಮ ಕಣವ್ವ ನಿಮ್ ಮುತ್ತಾತ."

ಮರಳಿ ತೂಗುಹಾಕುವಾಗ ಶಾಂಭವಿ ನೋಡಿದಳು. ವರ್ಷವರ್ಷವೂ ಗಾಜಿಗೆ ಬಳಿದ ವಿಭೂತಿಯಲ್ಲಿ ಮುಖ ಮುಕ್ಕಾಲು ಮುಳುಗಿತ್ತು. ಕಾಣುತ್ತಿದ್ದದ್ದು ಪೇಟ, ಕೋಟು, ತೊಡೆಯ ಮೇಲೆ ಬಿಗಿಯಾಗಿ ಮುಚ್ಚಿದ ಬಲಗೈ.

"ಕೈಯಲ್ಲೇನು ಅಜ್ಜಿ?"

"ವಿಭೂತಿ ಗಟ್ಟಿ. ಮಾ ಶಿವಭಕ್ತರು."

ಗುರುಪುರದ ಗೋವಿಂದಯ್ಯನ ಮನೆಯ ತಾತನ ಮುಖಕ್ಕೆ ಕುಂಕುಮ ಮೆತ್ತಿತ್ತು. ಅಲ್ಲೂ ಮುಚ್ಚಿದ ಮುಷ್ಟಿ. "ಜಿಪುಣ ಕಣಮ್ಮ, ಫೋಟೋದಲ್ಲೂ ಕೈ ಬಿಚ್ನಿಲ್ಲ" ಎಂದು ಗೋವಿಂದಯ್ಯ ನಕ್ಕ. ರಟ್ಟಿನ ಹಿಂದೆ ಜೇಡರ ಬಲೆ.

ಕಟ್ಟೆಮಳಲವಾಡಿಯ ಬಸವರಾಜು ಮನೆಗೆ ಹೋದಾಗ ಎಡೆ ಇಟ್ಟಾಗಿತ್ತು. ಬಾಳೆಲೆಯ ಮೇಲೆ ಮುದ್ದೆ, ಆವಿಯಾಡುವ ನಾಟಿಕೋಳಿ ಸಾರು. ಎದುರಿಗೆ ಚೆಂಡುಹೂವಿನ ಹಾರದಲ್ಲಿ ಮುಖ ಮರೆಯಾದ ತಾತ, ಮುಷ್ಟಿ ಬಿಗಿಹಿಡಿದು.

"ಕೈಯಲ್ಲಿರೋದು ಹೊಗೆಸೊಪ್ಪಿನ ಬೀಜ! ಈ ಊರಿಗೆ ಮೊದ್ಲು ತಂದೋರೇ ಅವ್ರು" ಎಂದ ಬಸವರಾಜು. "ತಾತ ಉಣ್ಣೋವಾಗ ಮುಟ್ಬ್ಯಾಡಿ ಕಣಮ್ಮ. ಎದ್ದೋದ್ರೆ ಕಷ್ಟ."

ಶಾಂಭವಿ ಬರಿಗೈಯಲ್ಲಿ ಸ್ಟುಡಿಯೋಗೆ ಮರಳಿದಳು. ಅಳು ಬರುವಂತಿತ್ತು. ಮುಖ ಇಲ್ಲದಿದ್ದರೆ ಕ್ಯಾಮೆರಾವನ್ನಾದರೂ ವೇದಿಕೆ ಮೇಲಿಡೋಣ ಎಂದು ಮುತ್ತಾತನ ಮರದ ಪೆಟ್ಟಿಗೆ ತೆಗೆದು ಧೂಳು ಒರೆಸಿದಳು. ಕ್ಯಾಮೆರಾಕ್ಕೆ ಸಿಕ್ಕಿಸುವ ರಬ್ಬರ್ ಕೊಳವೆ, ಅದರ ತುದಿಗೆ ನಿಂಬೆಹಣ್ಣಿನಷ್ಟು ರಬ್ಬರ್ ಉಂಡೆ. ಉಂಡೆ ಅದುಮಿದರೆ ಫೋಟೋ ಬೀಳುತ್ತದೆ. ಕ್ಯಾಮೆರಾದ ಪಕ್ಕ ನಿಂತು ಅದುಮಲು ಗೇಣುದ್ದ ಸಾಕಿತ್ತು. ಇದು ಎದುರಿನ ಕುರ್ಚಿಯವರೆಗೂ ಎಳೆದರೆ ಬರುತ್ತಿತ್ತು.

ಎಳೆದುಕೊಂಡು ಹೋಗಿ ಕುರ್ಚಿಯಲ್ಲಿ ಕೂತಳು. ಕೊಳವೆಯನ್ನು ತೋಳಿನೊಳಗೆ ತೂರಿಸಿ, ಉಂಡೆಯನ್ನು ಬಲಗೈಯಲ್ಲಿ ಬಚ್ಚಿಟ್ಟು, ಮುಷ್ಟಿಯನ್ನು ತೊಡೆಯ ಮೇಲಿಟ್ಟಳು. ಎದುರಿನ ನಿಲುವುಗನ್ನಡಿ ನೋಡಿದಳು. ಮುಷ್ಟಿ ನೋಡಿದಳು. ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು.

ಅಷ್ಟರಲ್ಲಿ ಶಿವಶಂಕರನ ಫೋನು. "ಏನ್ ಮೇಡಂ, ನಿಮ್ ತಾತ ಸಿಕ್ಕಿದ್ರಾ? ಇಲ್ಲಾಂದ್ರೆ ಕೆ.ಆರ್. ನಗರದೋರಿಗೆ ಹೇಳ್ಬುಡ್ತೀನಿ."

"ಸಿಕ್ಕಿದ್ರು."

"ಎಲ್ಲಿದ್ರು?"

"ಕಟ್ಟೆಮಳಲವಾಡಿಲಿ, ಬಸವರಾಜು ಅವರ ತಾತನ ಪೇಟ ಹಾಕ್ಕೊಂಡು ನಾಟಿಕೋಳಿ ಸಾರು ಉಣ್ತಾ ಕೂತವ್ರೆ."