ಉಂಗುರದ ಬೆರಳು

ಹದಿಮೂರನೇ ದಿನದ ಊಟ ಮುಗಿಸಿ ನೆಂಟರೆಲ್ಲ ಹೋದ ಮರುದಿನ ಬೆಳಿಗ್ಗೆ, ಮಗಳ ಜೊತೆಗಿರಲೆಂದು ಬಂದಿದ್ದ ತುಳಸವ್ವ ಎಂದಿನಂತೆ ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟಲು ಕೂತಳು. ಸೀಮಾ ಗಂಡನ ಬ್ಯಾಗು ಖಾಲಿ ಮಾಡುತ್ತಿದ್ದಳು. ಅವನು ಚಿತ್ರಕಲೆ ಕಲಿಸುತ್ತಿದ್ದ ಶಾಲೆಯ ಹಾಜರಿ ಪುಸ್ತಕ, ಒಂದು ಬಾಚಣಿಗೆ, ಅರ್ಧ ತಿಂದ ಚಿಕ್ಕಿ; ತಳದಲ್ಲಿ ಒಂದು ಕಪ್ಪು ಡಬ್ಬಿ, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಬೆನ್ನಿಗೆ ಅಂಟಿಸಿದ ಬಿಳಿ ಪಟ್ಟಿಯ ಮೇಲೆ ದುಂಡಗಿನ ಅಕ್ಷರ: ರೂಪಾಲಿ. ಪಕ್ಕದಲ್ಲಿ ನಗುವ ಮುಖದ ಚಿತ್ರ. ಆ ಮುಖಕ್ಕೆ ಬೇರೆ ಪೆನ್ನಿನಿಂದ ಯಾರೋ ಮೀಸೆ ಬರೆದಿದ್ದರು. ಅಂಥ ಮೀಸೆ ಬರೆಯುತ್ತಿದ್ದವನು ಅವಳ ಗಂಡ ಮಲಕಾರಿಯೊಬ್ಬನೇ.

"ಅದ ಚಾರ್ಜರ್ ಅಲ್ಲೇನ?" ಎಂದಳು ತುಳಸವ್ವ. "ಹೋದ ತಿಂಗಳ ನನಗ ಜ್ವರ ಬಂದಾಗ ನನ್ನ ಸಾವಿರ ಬೀಡಿ ನೀನ ಕಟ್ಟಿ ಕೊಟ್ಟಿಯಲ್ಲ, ಆವಾಗ ಅಳಿಯಾ ನಿನ್ನ ಮೊರದ ಮುಂದ ಇಟ್ಟಕೊಂಡ ಕುಂತಿದ್ದ."

"ಚಾರ್ಜರ್ ಅಲ್ಲ. ಆಕೀದು."

"ಯಾರದರ ಇರ್ಲಿ. ಇಸಕೊಂಡ ತಂದಿದ್ದು ಸತ್ತವ್ರ ಹಿಂದ ಮನ್ಯಾಗ ಉಳೀಬಾರದು. ಇವತ್ತ ಕೊಟ್ಟ ಬಾ."

ವಿಶ್ವವಿದ್ಯಾಲಯದವರು ಚಿಕ್ಕೋಡಿಯಲ್ಲಿ ನಡೆಸುವ ಡಿಜಿಟಲ್ ಕಲೆಯ ಕಾರ್ಯಾಗಾರಕ್ಕೆ ಮಲಕಾರಿ ಆರು ತಿಂಗಳಿಂದ ಪ್ರತಿ ರವಿವಾರ ನಿಪ್ಪಾಣಿಯಿಂದ ಹೋಗುತ್ತಿದ್ದ. ಬೀಡಿ ಕಟ್ಟುವ ಹೆಂಗಸಿನ ಅನಿಮೇಶನ್ ಮಾಡುತ್ತೇನೆ, ನಿನ್ನ ಕೈ ಬೇಕು ಎಂದು ಮೊದಲು ಕೇಳಿದ್ದು ಸೀಮಾಳನ್ನೇ. ಎಂ.ಎ. ಓದಿದ್ದು ಮೊರ ಬಿಡಲಿಕ್ಕೆ, ನಾಲ್ಕು ಜನಕ್ಕೆ ತೋರಿಸಲಿಕ್ಕಲ್ಲ ಎಂದಿದ್ದಳು ಅವಳು. ಏಳನೇ ತರಗತಿಯಲ್ಲಿ ಬೀಡಿ ಎಲೆ ಕತ್ತರಿಸುವಾಗ ಕತ್ತರಿ ಬಡಿದ ಅವಳ ಎಡಗೈಯ ಉಂಗುರದ ಬೆರಳು ಅಂದಿನಿಂದ ಮಡಚುತ್ತಿರಲಿಲ್ಲ. ಹೊರಗೆ ಹೋದಾಗ ಆ ಕೈ ಸೆರಗಿನೊಳಗೇ ಇರುತ್ತಿತ್ತು.

"ಹಂಗಾದ್ರ ರೂಪಾಲಿ ಮಾಡ್ತಾಳ ಬಿಡು" ಎಂದಿದ್ದ ಅವನು, ನಗುತ್ತಲೇ.

ಎದೆನೋವು ಎಂದವನು ದವಾಖಾನೆ ಮುಟ್ಟಲಿಲ್ಲ. ಹದಿಮೂರು ದಿನ ಸೀಮಾ ಅಳಲಿಲ್ಲ. ಅವಳೊಳಗೆ ಜೀವಂತವಿದ್ದದ್ದು ರೂಪಾಲಿ ಎಂಬ ಆ ಹೆಸರೊಂದೇ.

ಚಿಕ್ಕೋಡಿಯ ಬಸ್ಸಿನಲ್ಲಿ ಉದ್ದಕ್ಕೂ ಉಗುರಿನಿಂದ ಆ ಮೀಸೆ ಕೆರೆದಳು. ಮೀಸೆ ಹೋಗಲಿಲ್ಲ, ಪಟ್ಟಿಯೇ ಅರ್ಧ ಎದ್ದು ಬಂತು.

ಕಾರ್ಯಾಗಾರದ ಕೋಣೆಯಲ್ಲಿ ರೂಪಾಲಿ ಒಬ್ಬಳೇ ಇದ್ದಳು. ಅಲ್ಲಿ ಕಲಿಸುವವಳು. ಗಿಡ್ಡ ಕೂದಲು, ಅತ್ತು ಊದಿದ ಕಣ್ಣು. ಆ ಕಣ್ಣು ನೋಡಿ ಸೀಮಾಳ ಮೈ ಉರಿಯಿತು. ಅಳುವುದೂ ಇವಳ ಪಾಲಿಗೇ ಬಂದಿದೆ.

"ಬರ್ರಿ ವೈನಿ, ಕುಂದರ್ರಿ. ಮಲಕಾರಿ ನಿಮ್ಮ ಫೋಟೊ ತೋರಿಸಿದ್ದ."

ನಾಲ್ಕು ವರ್ಷದ ಸಂಸಾರದಲ್ಲಿ ಸೀಮಾ ಗಂಡನ ಹೆಸರನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ.

"ಅವರು ಮಾಡಿದ್ದು ನೋಡಬೇಕಿತ್ರಿ" ಎಂದಳು. ಡಬ್ಬಿ ಹಿಡಿದ ಕೈ ಸೆರಗಿನೊಳಗಿತ್ತು.

ಪರದೆಯ ಮೇಲೆ ಒಬ್ಬ ಹೆಂಗಸು ಮೊರದ ಮುಂದೆ ಕೂತಳು. ರೂಪಾಲಿಯದೇ ಗದ್ದ, ರೂಪಾಲಿಯದೇ ಹುಬ್ಬು. ಇದನ್ನು ನೋಡಿ ಹೋಗಲಿಕ್ಕೇ ಸೀಮಾ ಬಂದಿದ್ದಳು.

"ನಿಮ್ಮನ್ನ ಮಾಡ್ಯಾರ."

"ಮುಖಾ ಅಷ್ಟ ನಂದ್ರಿ. ಕೈ ಅಲ್ಲ." ರೂಪಾಲಿ ಮೂಗು ಒರೆಸಿಕೊಂಡಳು. "ಅಂವ ಒಂದ ಸೆನ್ಸರ್ ಡಬ್ಬಿ ಒಯ್ದಾನ ನೋಡ್ರಿ, ಅದನ್ನ ಮುಂದ ಇಟ್ರ ನಮ್ಮ ಕೈ ಹೆಂಗ ಆಡತೈತಿ ಹಂಗ ಕಂಪ್ಯೂಟರಿನ್ಯಾಗ ಬರತೈತಿ. ನನ್ನ ಕೈಲೆ ನಲವತ್ತ ಸಲ ಮಾಡಿಸಿದ. ಉಗುರ ಸುದ್ದಾ ಕತ್ತರಿಸಿಕೊಂಡೆ. ಎಲ್ಲಾ ಅಳಿಸಿ ಒಗದ. ಹೋದ ತಿಂಗಳ ಎಲ್ಲಿಂದೋ ಈ ಕೈ ತಂದ. ಯಾರದು ಅಂದ್ರ ಬಾಯಿ ಬಿಡ್ಲಿಲ್ಲ."

ಕೈಗಳು ಎಲೆಗೆ ತಂಬಾಕು ತುಂಬಿ ಸುತ್ತಿದವು, ತುದಿ ಮಡಚಿದವು, ದಾರ ಬಿಗಿದವು. ಎಡಗೈಯ ಉಂಗುರದ ಬೆರಳು ಮಾತ್ರ ಯಾವುದಕ್ಕೂ ಸೇರದೆ ನೆಟ್ಟಗೆ ನಿಂತಿತ್ತು. ಅವ್ವನ ಜ್ವರದ ದಿನ. ಮೊರದ ಮುಂದಿನ ಚಾರ್ಜರ್. ಹದಿಮೂರು ದಿನದಲ್ಲಿ ಮೊದಲ ಸಲ ಸೀಮಾಳಿಗೆ ಎಲ್ಲೋ ನೋವಾಯಿತು. ಆ ಬೆರಳಿನ ಬುಡದಲ್ಲಿ.

"ಅಲ್ಲೇ ನೋಡ್ರಿ, ಆ ಬೆರಳು. ಸೆನ್ಸರ್ ಒಮ್ಮೊಮ್ಮೆ ಹಂಗ ತಪ್ಪ ಮಾಡತೈತಿ. ನಾ ಕುಂತು ಒಂದೊಂದ ಫ್ರೇಮಿನ್ಯಾಗ ಮಡಚಿ ಸರಿ ಮಾಡ್ತಿದ್ದೆ. ಅಂವ ರವಿವಾರ ಬಂದು ಮತ್ತ ನೆಟ್ಟಗ ಮಾಡ್ತಿದ್ದ. ಮೂರ ವಾರ ಇದ ಆಟ. ಕಡೀ ರವಿವಾರ ಸಿಟ್ಟ ಬಂದು ಕೇಳಿದೆ, ಒಂದ ಬೆರಳಿಗೆ ಯಾಕ ಇಷ್ಟ ಜೀವಾ ಬಿಡ್ತೀಯೋ ಅಂತ." ಅವಳು ತುಟಿ ಕಚ್ಚಿಕೊಂಡಳು. "ಮಾತ ಬಿಟ್ಟ ಎದ್ದ ಹೋದ."

ಎಡಗೈಯಲ್ಲಿ ಏನನ್ನೂ ಕೊಡಬಾರದೆಂದು ಸೀಮಾಳಿಗೆ ಗೊತ್ತಿತ್ತು. ಸೆರಗು ಸರಿಸಿ, ಎಡಗೈಯಿಂದಲೇ ಡಬ್ಬಿಯನ್ನು ರೂಪಾಲಿಯ ಮುಂದೆ ಮೇಜಿನ ಮೇಲಿಟ್ಟಳು. ಉಂಗುರದ ಬೆರಳು ನೆಟ್ಟಗಿದ್ದ ಆ ಕೈ ತೆಗೆಯಲು ಅವಸರ ಮಾಡಲಿಲ್ಲ.

"ನಿಮ್ಮದ್ರಿ" ಎಂದಳು. "ಮಲಕಾರಿ ಇಸಕೊಂಡಿದ್ರು."

ರೂಪಾಲಿ ಡಬ್ಬಿಯನ್ನು ನೋಡಲಿಲ್ಲ.

ಬಾಗಿಲ ಬಳಿ ಸೀಮಾ ಒಮ್ಮೆ ತಿರುಗಿದಳು. ರೂಪಾಲಿ ಪರದೆಯ ಬೆಳಕಿಗೆ ತನ್ನ ಎಡಗೈ ಹಿಡಿದು, ಉಳಿದ ಬೆರಳುಗಳನ್ನೆಲ್ಲ ಮಡಚಿ, ಉಂಗುರದ ಬೆರಳೊಂದನ್ನೇ ನೆಟ್ಟಗೆ ನಿಲ್ಲಿಸಲು ನೋಡುತ್ತಿದ್ದಳು. ಅದು ನಡುಗುತ್ತಿತ್ತು, ನಿಲ್ಲುತ್ತಿರಲಿಲ್ಲ.